ಬ್ರೇಕಿಗೆ ಕಳೆದ ಅಂಕ

ಕಂಪ್ಯೂಟರಿನಲ್ಲಿ ಆಡುವ ಒಂದು ಕಾರ್ ರೇಸ್ ಆಟಕ್ಕೆ ಡ್ರೈವರುಗಳ ಅಂಕ ತಯಾರಿಸುವುದು ನನ್ನ ಹವ್ಯಾಸ. ಹೀಗೆಂದರೆ ನಮ್ಮ ಕಡೆ ಯಾರಿಗೂ ಅರ್ಥವಾಗುವುದಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಸೂಳಗಿರಿ ಬಳಿಯ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಕೆಲಸಕ್ಕಿರುವ ಹೆಂಗಸೊಬ್ಬಳು ಹೊಸೂರಿನ ಬಾಡಿಗೆ ಕೋಣೆಯಲ್ಲಿ ಭಾನುವಾರವಿಡೀ ಕೂತು, ತಾನೆಂದೂ ಕಾಣದ ದೇಶದ ನಲವತ್ತು ಗಂಡಸರಿಗೆ ಮಾರ್ಕು ಹಾಕುತ್ತಾಳೆ ಎಂದರೆ ನಗದೆ ಇನ್ನೇನು ಮಾಡಿಯಾರು.

ಸ್ಟಾಕ್ ಕಾರ್ ಎನ್ನುವುದು ಹೊರಗಿನಿಂದ ನೋಡಲು ರಸ್ತೆಯ ಕಾರಿನ ಹಾಗೆಯೇ ಇರುವ, ಒಳಗೆ ಪೂರ್ತಿ ಬೇರೆಯಾದ ರೇಸಿನ ಗಾಡಿ. ಅಂಥ ನಲವತ್ತು ಗಾಡಿಗಳು ಮೊಟ್ಟೆಯಾಕಾರದ ಹಾದಿಯಲ್ಲಿ ಒಂದಕ್ಕೊಂದು ತಾಗಿಕೊಂಡು ಸದಾ ಎಡಕ್ಕೇ ತಿರುಗುತ್ತ ಗಂಟೆಗಟ್ಟಲೆ ಓಡುತ್ತವೆ. ಈ ಆಟಕ್ಕೆ ನಾನು ಬಿದ್ದದ್ದು ಹಾಸ್ಟೆಲಿನಲ್ಲಿ. ಜೊತೆಯ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಮೊದಲ ಸಲ ನೋಡಿದಾಗಲೇ ಮರುಳಾದೆ ಎಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ಆ ವರ್ಷದ ದಿನಚರಿಯಲ್ಲಿ ಮಾತ್ರ ‘ಗಾಣದೆತ್ತಿನ ಥರ ಸುತ್ತುತ್ತವೆ, ತಲೆನೋವು’ ಎಂದಿದೆ. ನನ್ನ ನೆನಪಿನ ಯೋಗ್ಯತೆ ಇಷ್ಟು. ಮುಂದೆ ಓದುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಆಟ ಮಾಡಿದ ಕಂಪನಿ ಕೊಡುವ ಅಂಕಗಳು ಕಳಪೆ. ಅದಕ್ಕಾಗಿ ಬೇರೆ ಬೇರೆ ದೇಶಗಳ ಏಳೆಂಟು ಜನ ಸೇರಿ ನಾವೇ ಪ್ರತಿ ಸೀಸನ್ನಿಗೆ ಹೊಸದಾಗಿ ತಯಾರಿಸಿ ಎಲ್ಲರಿಗೂ ಹಂಚುತ್ತೇವೆ. ಒಬ್ಬೊಬ್ಬ ಡ್ರೈವರಿಗೂ ವೇಗಕ್ಕೆ ಇಷ್ಟು, ಹುಂಬತನಕ್ಕೆ ಇಷ್ಟು, ಟೈರು ಸವೆಯದಂತೆ ಓಡಿಸುವುದಕ್ಕೆ ಇಷ್ಟು, ರೇಸು ಮುಗಿಸುವುದಕ್ಕೆ ಇಷ್ಟು ಎಂದು ಹತ್ತಾರು ಅಂಕ. ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಇಡೀ ಸೀಸನ್ನನ್ನು ಕಂಪ್ಯೂಟರಿನಿಂದ ನೂರಾರು ಸಲ ಓಡಿಸಿ, ನಿಜವಾಗಿ ನಡೆದ ರೇಸುಗಳ ಫಲಿತಾಂಶದ ಪಕ್ಕ ಇಟ್ಟು ನೋಡುತ್ತೇವೆ.

ಕಷ್ಟ ಎಲ್ಲಿದೆ ಎಂದರೆ, ಗೆದ್ದವನೆಲ್ಲ ಒಳ್ಳೆಯ ಡ್ರೈವರ್ ಅಲ್ಲ. ಗಾಡಿ ಒಳ್ಳೆಯದಿರಬಹುದು. ಕೊನೆಗೆ ಬಂದವನು ಕೆಟ್ಟವನಲ್ಲ. ಬೇರೆ ಯಾರೋ ಗುದ್ದಿರಬಹುದು. ಹಾಗಾಗಿ ಒಂದೇ ತಂಡದ, ಒಂದೇ ಬಗೆಯ ಗಾಡಿಯ ಇಬ್ಬರನ್ನು ಹೋಲಿಸಬೇಕು. ಅಪಘಾತವಾದರೆ ವಿಡಿಯೊ ನಿಧಾನ ಮಾಡಿ ತಪ್ಪು ಯಾರದು ಎಂದು ನೋಡಬೇಕು. ಒಮ್ಮೆ ಒಬ್ಬ ಡ್ರೈವರಿಗೆ ಎರಡೇ ಎರಡು ಅಂಕ ಕಡಿಮೆ ಮಾಡಿದ್ದಕ್ಕೆ ನಮ್ಮ ಗುಂಪಿನಲ್ಲಿ ಒಂದು ವಾರ ಜಗಳವಾಯಿತು. ‘ಆ ಮೂರು ರೇಸುಗಳಲ್ಲಿ ಅವನ ಬ್ರೇಕ್ ಕೆಟ್ಟಿತ್ತು, ನಿಮಗೆ ಮನಸ್ಸಾಕ್ಷಿ ಇದೆಯೇ?’ ಎಂದು ಒಬ್ಬಾತ ಪುಟಗಟ್ಟಲೆ ಬರೆದ. ಕೊನೆಗೆ ಎರಡು ಅಂಕ ವಾಪಸು ಕೊಟ್ಟೆವು. ಆ ಡ್ರೈವರಿಗೆ ನಾವು ಇರುವುದೇ ಗೊತ್ತಿಲ್ಲ.

ನನ್ನ ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ನಮ್ಮ ಕಾರ್ಖಾನೆಯ ಬಸ್ ಓಡಿಸುತ್ತಿದ್ದರು. ಕಾರ್ಖಾನೆಯ ನೌಕರರಲ್ಲ, ಬಸ್ಸುಗಳನ್ನು ಒದಗಿಸುವ ಗುತ್ತಿಗೆದಾರನ ಕಡೆಯವರು. ಸಾನಮಾವು ಕಾಡಿನ ಅಂಚಿನ ಹಳ್ಳಿಯಲ್ಲಿ ಅವರ ಮನೆ. ನಾನು ಬೆಳೆದದ್ದೂ ಆ ಮನೆಯಲ್ಲೇ. ಭಾನುವಾರ ರಾಗಿ ಹಿಟ್ಟೋ ಹುರುಳಿಯೋ ಹಿಡಿದುಕೊಂಡು ನನ್ನ ಕೋಣೆಗೆ ಬರುತ್ತಿದ್ದರು. ಬಂದವರು ಮಂಚದ ಮೇಲೆ ಕೂತು ನನ್ನ ಜೊತೆ ರೇಸಿನ ವಿಡಿಯೊ ನೋಡುತ್ತಿದ್ದರು.

“ಇದೇನವ್ವ, ಒಂದೇ ಕಡೀಕೆ ತಿರುಗ್ತಾವ್ರೆ? ಇವ್ರಿಗೆ ಬಲಗಡೆ ಅನ್ನೋದೇ ಗೊತ್ತಿಲ್ವಾ?”

“ಅಲ್ಲಿ ಹಂಗೇ ಚಿಕ್ಕಪ್ಪ. ಎಡಕ್ಕೆ ಮಾತ್ರ.”

“ಹಂಗಾದ್ರೆ ನಿಮ್ ಚಿಕ್ಕವ್ವನೂ ಓಡುಸ್ತಾಳೆ ಬುಡು.”

ಒಂದು ಭಾನುವಾರ ಹೀಗೇ ನೋಡುತ್ತಿದ್ದವರು, “ಆ ಹಳ್ದಿ ಗಾಡಿಯೋನು ಒಳ್ಳೆ ಡ್ರೈವರು ಕಣವ್ವ,” ಎಂದರು.

“ಅವನಾ? ಹದಿನೆಂಟನೇ ಜಾಗದಲ್ಲಿ ಅವ್ನೆ.”

“ಜಾಗ ಕಟ್ಕೊಂಡು ಏನ್ ಮಾಡ್ತೀಯ? ಮುಂದಿನೋನ ಹಿಂದಿನ್ ಚಕ್ರ ಅಲ್ಲಾಡಿದ್ದೇ ತಡ, ಇವ್ನು ಕಾಲ್ ತಗ್ದ. ನೋಡ್ಲಿಲ್ವಾ? ಅವ್ನಿನ್ನೂ ಜಾರೇ ಇಲ್ಲ. ಜಾರ್ತಾನೆ ಅಂತ ಇವ್ನಿಗೆ ಮೊದ್ಲೇ ಗೊತ್ತು.”

ವಿಡಿಯೊ ಹಿಂದಕ್ಕೆ ತಿರುಗಿಸಿ ನೋಡಿದೆ. ನಿಜ. ಎರಡು ಕ್ಷಣದ ನಂತರ ಮುಂದಿನ ಗಾಡಿ ಜಾರಿತು, ಅದರ ಹಿಂದೆ ಆರು ಗಾಡಿ ಗುದ್ದಿಕೊಂಡವು, ಹಳದಿ ಗಾಡಿ ನಡುವಿನಿಂದ ಹೊರಗೆ ಬಂತು. ಆ ಡ್ರೈವರಿಗೆ ನಾನು ಕೊಟ್ಟಿದ್ದ ಅಂಕ ತೀರ ಕಡಿಮೆ. ಬೇಕಿಲ್ಲದ ಕಡೆ ವೇಗ ಇಳಿಸುತ್ತಾನೆ ಎಂದು. ಆ ವಾರ ಕೂತು, ಯಾರು ಬೇರೆಯವರ ಅಪಘಾತದಲ್ಲಿ ಸಿಕ್ಕಿಕೊಳ್ಳದೆ ಪಾರಾಗುತ್ತಾರೆ ಎಂದು ಎಣಿಸಿ, ಅದಕ್ಕೆಂದೇ ಹೊಸ ಅಂಕವೊಂದನ್ನು ಸೇರಿಸಿದೆ. ನಮ್ಮ ಲೆಕ್ಕ ಎಂದಿಗಿಂತ ನಿಜಕ್ಕೆ ಹತ್ತಿರ ಬಂತು. ಗುಂಪಿನವರು ಹೊಗಳಿದರು. ಹೇಗೆ ಹೊಳೆಯಿತು ಎಂದು ಕೇಳಿದವರಿಗೆ ‘ವಿಡಿಯೊ ನೋಡಿ’ ಎಂದು ಉತ್ತರಿಸಿದೆ. ಸುಳ್ಳಲ್ಲ. ಆದರೆ ಸಾನಮಾವಿನ ಒಬ್ಬ ಬಸ್ ಡ್ರೈವರ್ ತೋರಿಸಿಕೊಟ್ಟರು ಎಂದು ಬರೆಯಲು ನನ್ನ ಕೈ ಏಳಲಿಲ್ಲ.

ಕಾರ್ಖಾನೆಯಲ್ಲಿ ಸಾರಿಗೆ ನೋಡಿಕೊಳ್ಳುವ ಅಧಿಕಾರಿಯೊಬ್ಬರಿದ್ದಾರೆ. ತಮಿಳಿನವರು, ಒಳ್ಳೆಯ ಮನುಷ್ಯ, ಯಾವಾಗಲೂ ದಣಿದಿರುತ್ತಾರೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನ್ನ ಲ್ಯಾಪ್‌ಟಾಪಿನ ಮೇಲೆ ಅಂಕಗಳ ಹಾಳೆ ನೋಡಿ, “ಎನ್ನಮ್ಮಾ ಇದು?” ಎಂದು ಕೇಳಿದರು. ಹೇಳಿದೆ. ಅವರ ಮುಖ ಬೆಳಗಿತು. ನಮ್ಮ ಹನ್ನೊಂದು ಬಸ್ಸುಗಳಲ್ಲೂ ಒಂದೊಂದು ಯಂತ್ರ ಇಟ್ಟಿದ್ದಾರೆ. ಎಷ್ಟು ಸಲ ಗಕ್ಕನೆ ಬ್ರೇಕ್ ಹಾಕಿದ, ಎಷ್ಟು ಹೊತ್ತು ಎಂಜಿನ್ ಸುಮ್ಮನೆ ಉರಿಯಿತು, ಗೊತ್ತುಪಡಿಸಿದ ದಾರಿ ಬಿಟ್ಟು ಎಲ್ಲಿ ಹೋದ, ಎಷ್ಟು ನಿಮಿಷ ತಡ, ಎಲ್ಲವನ್ನೂ ಅದು ಬರೆದಿಡುತ್ತದೆ. ಆ ರಾಶಿಯನ್ನು ಯಾರೂ ಓದುತ್ತಿರಲಿಲ್ಲ. ಹೆಡ್ ಆಫೀಸಿನವರು ಪ್ರತಿ ಡ್ರೈವರಿಗೂ ನೂರಕ್ಕೆ ಇಷ್ಟು ಎಂಬ ಒಂದೇ ಅಂಕ ಕೇಳುತ್ತಿದ್ದಾರಂತೆ. “ನೀವು ಆಟಕ್ಕೇ ಮಾಡುತ್ತೀರಲ್ಲಮ್ಮ, ನಮಗೂ ಒಂದು ಮಾಡಿಕೊಡಿ,” ಎಂದರು.

ಎರಡು ಸಂಜೆ ಸಾಕಾಯಿತು. ಆಟದ ಹಾಳೆಯನ್ನೇ ತೆಗೆದುಕೊಂಡು ಮೇಲಿನ ಹೆಸರುಗಳನ್ನು ಬದಲಾಯಿಸಿದೆ. ಹುಂಬತನ ಇದ್ದ ಕಡೆ ಗಕ್ಕನೆ ಬ್ರೇಕ್. ರೇಸು ಮುಗಿಸುವುದು ಇದ್ದ ಕಡೆ ಸಮಯಕ್ಕೆ ಮುಟ್ಟುವುದು. ತಡವಾದರೆ ಹೆಚ್ಚು ಅಂಕ ಕಳೆಯುವಂತೆ ಮಾಡಿದೆ, ಯಾಕೆಂದರೆ ಆಟದಲ್ಲಿ ಹಾಗೆ ಮಾಡಿದರೆ ಲೆಕ್ಕ ಚೆನ್ನಾಗಿ ಕೂರುತ್ತಿತ್ತು. ಚಿಕ್ಕಪ್ಪ ತೋರಿಸಿಕೊಟ್ಟಿದ್ದ, ಅಪಾಯದಿಂದ ಪಾರಾಗುವ ಅಂಕವನ್ನು ತೆಗೆದುಹಾಕಿದೆ. ಯಂತ್ರ ಅದನ್ನು ಅಳೆಯುವುದಿಲ್ಲ. ಆಗದ ಅಪಘಾತವನ್ನು ಯಂತ್ರ ಎಲ್ಲಿ ಬರೆದುಕೊಂಡೀತು?

‘ಬ್ರೇಕ್ ಯಾಕೆ ಹಾಕಿದರು ಎಂದು ತಿಳಿಯದೆ ಈ ಅಂಕವನ್ನು ನಂಬಬೇಡಿ’ ಎಂದು ಅಧಿಕಾರಿಗೆ ಹೇಳಿದ್ದೆ ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಅವರ ಮೇಜಿನ ಮುಂದೆ ನಿಂತಿದ್ದೆ, ಕೈಯಲ್ಲಿ ಟೀ ಲೋಟ ಇತ್ತು. ಆದರೆ ಆ ದಿನದ ದಿನಚರಿಯಲ್ಲಿ ಆ ಮಾತಿಲ್ಲ. ‘ಹಾಳೆ ಕೊಟ್ಟೆ. ಸೂಪರ್ ಎಂದರು. ಖುಷಿ’ ಎಂದಿದೆ. ಮೇಲ್ ಹುಡುಕಿದೆ. ‘ಲಗತ್ತಿಸಿದ್ದೇನೆ, ಧನ್ಯವಾದಗಳು’ ಎಂದಷ್ಟೇ ಇದೆ. ಟೀ ಲೋಟವನ್ನೂ ಎಚ್ಚರಿಕೆಯ ಮಾತನ್ನೂ ನನ್ನ ಮನಸ್ಸು ಆಮೇಲೆ ಕೂತು ತಯಾರಿಸಿತೆಂದೇ ಕಾಣುತ್ತದೆ.

ಕಾರ್ತಿಕ ಮಾಸ ಮುಗಿಯುವ ಹೊತ್ತಿಗೆ ಮೊದಲ ಪಟ್ಟಿಯನ್ನು ಕ್ಯಾಂಟೀನಿನ ಹೊರಗೋಡೆಗೆ ಅಂಟಿಸಿದರು. ನಾನು ಅಂಕ ತೆಗೆದುಕೊಟ್ಟಿದ್ದು ಬರೀ ಬಸ್ಸಿನ ನಂಬರುಗಳ ಮೇಲೆ, ಹೆಸರುಗಳ ಸಮೇತ ಅಂಟಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ಕೊನೆಯ ಹೆಸರು ಚಿಕ್ಕಪ್ಪನದು. ಮೂವತ್ತೆಂಟು. ಅದರ ಕೆಳಗೆ, ಎರಡು ತಿಂಗಳು ಸತತವಾಗಿ ಕೊನೆಗೆ ಬಂದವರನ್ನು ಬಸ್ಸಿನಿಂದ ಇಳಿಸಲಾಗುವುದು ಎಂಬ ಸಾಲು. ಅದನ್ನು ಯಾರು ಸೇರಿಸಿದರೋ, ನಾನಲ್ಲ.

ಪಟ್ಟಿಯ ಮುಂದೆ ಗುಂಪು ಕಟ್ಟಿದ್ದ ಡ್ರೈವರುಗಳಲ್ಲಿ ಒಬ್ಬ ಕೂಗಿದ: “ಮಾವೋ, ಮೂವತ್ತೆಂಟು! ಮೂವತ್ತೈದಕ್ಕೆ ಪಾಸು. ಪಾಸಾಗ್ಬುಟ್ಟೆ ಕಣ್ ಮಾವ!”

ಚಿಕ್ಕಪ್ಪ ಕನ್ನಡಕ ಏರಿಸಿ ನಿಧಾನವಾಗಿ ಓದಿದರು. “ಇಸ್ಕೂಲ್ನಾಗೂ ನಾನು ಇಷ್ಟೇ ತಗೊಂಡಿದ್ದು ಕಣ್ಲಾ,” ಎಂದರು. “ಒಂದು ಮಾರ್ಕೂ ಕಮ್ಮಿ ಆಗಿಲ್ಲ.”

ಎಲ್ಲರೂ ನಕ್ಕರು. ನಾನು ಕ್ಯಾಂಟೀನಿನ ಬಾಗಿಲಲ್ಲಿ ತಟ್ಟೆ ಹಿಡಿದುಕೊಂಡು ನಿಂತಿದ್ದೆ.

ಆ ಭಾನುವಾರ ಅವರಿಗೆ ಹೇಳಿದೆ, ಅದನ್ನು ಮಾಡಿದ್ದು ನಾನೇ ಎಂದು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು, “ನೀನಾ? ಹಂಗಾದ್ರೆ ಸರಿಯಾಗೇ ಮಾಡಿರ್ತೀಯ ಬುಡವ್ವ. ಓದಿದೋಳು,” ಎಂದರು. ಬೈದಿದ್ದರೆ ಎಷ್ಟೋ ಮೇಲಾಗುತ್ತಿತ್ತು.

ಅಂದೇ ಅವರ ಜೊತೆ ಹಳ್ಳಿಗೆ ಹೋಗಿ ಉಳಿದುಕೊಂಡು, ಮರುದಿನ ಬೆಳಗಿನ ಶಿಫ್ಟಿನ ಬಸ್ಸು ಹತ್ತಿದೆ. ನಾನು ಯಾವಾಗಲೂ ಹೊಸೂರಿನಿಂದ ಹಗಲು ಶಿಫ್ಟಿಗೆ ಬರುವವಳು. ಆ ಬಸ್ಸಿನಲ್ಲಿ ಅದೇ ಮೊದಲು. ಇನ್ನೂ ಬೆಳಕು ಹರಿದಿರಲಿಲ್ಲ. ಬಸ್ಸಿನ ತುಂಬ ಕಾಡಂಚಿನ ಊರುಗಳ ಹೆಂಗಸರು, ತಲೆಗೆ ಸ್ಕಾರ್ಫ್, ತೊಡೆಯ ಮೇಲೆ ಊಟದ ಬ್ಯಾಗು. ಮೊದಲ ಕಿಲೋಮೀಟರಿನಲ್ಲೇ ಚಿಕ್ಕಪ್ಪ ದಾರಿ ಬಿಟ್ಟು ಹೊಲದ ನಡುವಿನ ಮಣ್ಣಿನ ಹಾದಿಗೆ ಇಳಿದು ಒಂಟಿ ಮನೆಯೊಂದರ ಮುಂದೆ ನಿಲ್ಲಿಸಿದರು. ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಹತ್ತಿದಳು. ಆಕೆಯ ಸ್ಟಾಪ್ ಮುಂದಿನ ತಿರುವಿನಲ್ಲಿದೆ. ರಾಗಿ ತೆನೆ ಬಲಿತ ಈ ತಿಂಗಳುಗಳಲ್ಲಿ ಅಲ್ಲಿಯವರೆಗೆ ಆಕೆ ನಡೆದು ಬರಲು ಚಿಕ್ಕಪ್ಪ ಬಿಡುವುದಿಲ್ಲವಂತೆ.

ತೋಪು ದಾಟಿದ ಮೇಲೆ ಬಸ್ಸು ಗಕ್ಕನೆ ನಿಂತಿತು. ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು. ಹೊರಗೆ ನನಗೆ ಏನೂ ಕಾಣಲಿಲ್ಲ. ಚಿಕ್ಕಪ್ಪ ಲೈಟು ಆರಿಸಿದರು. ಎಂಜಿನ್ ಮಾತ್ರ ಓಡುತ್ತಲೇ ಇತ್ತು, ಹಿಂದಕ್ಕೆ ಹೋಗಬೇಕಾಗಿ ಬಂದರೆ ಎಂದು. ಕೂಸನ್ನು ತಟ್ಟುವ ಹಾಗೆ ಪಕ್ಕದವಳು ನನ್ನ ಮೊಣಕೈ ಮೇಲೆ ಕೈ ಇಟ್ಟಳು. ಆಮೇಲೆ ಎಡಗಡೆಯ ರಾಗಿ ಹೊಲ ತಾನೇ ಎದ್ದು ನಡೆದ ಹಾಗಾಯಿತು. ಒಂದು, ಎರಡು, ಮರಿಯೊಂದು, ಮತ್ತೆ ಮೂರು. ರಸ್ತೆ ದಾಟಿ ಕಾಡಿನ ಕಡೆ ಹೋದವು. ಕೊನೆಯದು ಬಸ್ಸಿನ ಕಡೆ ತಿರುಗಿ ನಿಂತಿತು. ಚಿಕ್ಕಪ್ಪ ಅದಕ್ಕೆ ತಿಳಿಯದಷ್ಟು ನಿಧಾನವಾಗಿ ಬಸ್ಸನ್ನು ಹಿಂದಕ್ಕೆ ಬಿಟ್ಟರು.

ಗಕ್ಕನೆ ಬ್ರೇಕ್, ಅಂಕ ಕಳೆ. ಸುಮ್ಮನೆ ಉರಿದ ಎಂಜಿನ್, ಅಂಕ ಕಳೆ. ದಾರಿ ಬಿಟ್ಟದ್ದು, ಕಳೆ. ಹದಿನಾಲ್ಕು ನಿಮಿಷ ತಡ, ಹೆಚ್ಚು ಕಳೆ. ನನ್ನ ಹಾಳೆ ಒಂದೊಂದಾಗಿ ನನ್ನ ತಲೆಯೊಳಗೆ ತೆರೆದುಕೊಂಡಿತು.

“ಕಾಣೋಕ್ ಮುಂಚೆ ಹೆಂಗ್ ಗೊತ್ತಾಯ್ತು ಚಿಕ್ಕಪ್ಪ?” ಎಂದು ಕೇಳಿದೆ.

“ನಾಯಿ ಬೊಗುಳ್ಲಿಲ್ಲ,” ಎಂದರು. “ಆ ತೋಪಿನ್ ನಾಯಿ ದಿನಾ ಬಸ್ಸಿಗೆ ಬೊಗುಳ್ತದೆ.”

“ಇದನ್ನ ಆಫೀಸ್ನಲ್ಲಿ ಯಾಕ್ ಹೇಳಿಲ್ಲ ನೀವು? ತಡ ಆಗಿದ್ದಕ್ಕೆ ಪಂಕ್ಚರ್ ಅಂತ ಬರ್ದಿದೀರ, ಟ್ರಾಫಿಕ್ ಅಂತ ಬರ್ದಿದೀರ. ನಾನೇ ನೋಡ್ದೆ.”

ಚಿಕ್ಕಪ್ಪನ ಬದಲಿಗೆ ಪ್ಯಾಕಿಂಗಿನ ಹೆಂಗಸು ಮುಂದೆ ಬಾಗಿ ಹೇಳಿದಳು: “ಅಕ್ಕಾ, ನಿನ್ ಕಾಲಿಗ್ ಬೀಳ್ತೀನಿ, ಆಫೀಸ್ನಾಗೆ ಆನೆ ಅಂತ ಬಾಯ್ ಬುಡಬ್ಯಾಡ. ಹೋದ್ ವರ್ಷ ಆ ಕಡೆ ಊರ್ನೋರು ಕಂಪ್ನಿ ವ್ಯಾನ್ಗೆ ಆನೆ ಅಡ್ಡ ಬಂತು ಅಂತ ಹೇಳ್ಬುಟ್ರು. ಮಾರನೇ ದಿನದಿಂದ ವ್ಯಾನೇ ಇಲ್ಲ. ಬಸ್ ನಿಂತೋದ್ರೆ ನಮ್ ಮನೇಲಿ ಕೆಲ್ಸುಕ್ಕೇ ಕಳ್ಸಲ್ಲ.”

“ಚಿಕ್ಕಪ್ಪನ ಕೆಲಸ ಹೋಗುತ್ತಲ್ಲ?”

“ಅದ್ನ ಅಣ್ಣನ್ನೇ ಕೇಳು.”

ಚಿಕ್ಕಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದರು. “ಪಂಕ್ಚರ್ ಅಂತ್ಲೇ ಇರ್ಲಿ ಕಣವ್ವ. ಟಯರ್ಗೇನ್ ಬೇಜಾರಿಲ್ಲ.”

ಹೀಗೆ ಒಂದು ಬಸ್ಸಿನಷ್ಟು ಜನ ಸೇರಿ ಒಂದು ಸುಳ್ಳನ್ನು ಕಾಯುತ್ತಿದ್ದರು. ಅದರಿಂದ ಅಂಕ ಕಡಿಮೆಯಾಗುತ್ತಿದ್ದದ್ದು ಒಬ್ಬರಿಗೆ ಮಾತ್ರ.

ಎರಡನೇ ತಿಂಗಳ ಪಟ್ಟಿ ಬಂತು. ಚಿಕ್ಕಪ್ಪ ಮತ್ತೆ ಕೊನೆಗೆ. ಅವರನ್ನು ಬಸ್ಸಿನಿಂದ ಇಳಿಸಿ, ಕಾಂಪೌಂಡಿನೊಳಗೆ ಬಸ್ಸು ತೊಳೆಯುವ ಕೆಲಸಕ್ಕೆ ಹಾಕುವುದೆಂದು ಗುತ್ತಿಗೆದಾರ ಹೇಳಿ ಕಳಿಸಿದ. ಇಪ್ಪತ್ತಾರು ವರ್ಷ ಸ್ಟೀರಿಂಗ್ ಹಿಡಿದ ಮನುಷ್ಯ. ಒಂದು ಅಪಘಾತವಿಲ್ಲ. ನನಗೆ ತಡೆಯಲಾಗಲಿಲ್ಲ. ಕಾಣದ ದೇಶದ ಡ್ರೈವರಿಗೆ ಎರಡು ಅಂಕ ಕಡಿಮೆಯಾದಾಗ ನನಗೆ ಮನಸ್ಸಾಕ್ಷಿ ಇದೆಯೇ ಎಂದು ಕೇಳಲು ಒಬ್ಬನಿದ್ದ. ವಾರಗಟ್ಟಲೆ ವಿಡಿಯೊ ನೋಡಲು ಏಳೆಂಟು ಜನ ಇದ್ದೆವು. ಇಲ್ಲಿ ಅರವತ್ತೆರಡು ಅಂಕ ಹೋದವನ ಬಗ್ಗೆ ಇಡೀ ಕಾರ್ಖಾನೆಯಲ್ಲಿ ಒಬ್ಬರೂ ‘ಯಾಕೆ’ ಎಂದು ಕೇಳಲಿಲ್ಲ. ಆಟದ ಗೊಂಬೆಗೆ ಸಿಕ್ಕಿದ ನ್ಯಾಯ ನಮ್ಮ ಊರಿನ ಜೀವಂತ ಮನುಷ್ಯನಿಗೆ ಸಿಕ್ಕುವುದಿಲ್ಲ ಎಂದರೆ ನಾನು ಓದಿದ್ದನ್ನೆಲ್ಲ ಯಾವ ಒಲೆಗೆ ಹಾಕಬೇಕು?

ಅಧಿಕಾರಿಯ ಕೋಣೆಗೆ ಹೋದೆ. ಆನೆ ಎಂದುಬಿಟ್ಟೆ.

ಬೇರೆ ಯಾವ ರೀತಿಯಲ್ಲಾದರೂ ಹೇಳಬಹುದಿತ್ತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಲೆಕ್ಕ ತಪ್ಪು, ಬ್ರೇಕಿನ ಅಂಕ ತೆಗೆದುಬಿಡಿ ಎಂದಷ್ಟೇ ಹೇಳಬಹುದಿತ್ತು. ಆಗ ತಪ್ಪು ನನ್ನದಾಗುತ್ತಿತ್ತು. ಆನೆ ಎಂದರೆ ತಪ್ಪು ಆನೆಯದು. ನಾನು ಯಾಕೆ ಎರಡನೆಯದನ್ನು ಆರಿಸಿಕೊಂಡೆ ಎಂಬುದು ನನಗೆ ಈಗ ಚೆನ್ನಾಗಿ ಅರ್ಥವಾಗುತ್ತದೆ.

ಅಧಿಕಾರಿ ನಿಜವಾಗಿಯೂ ಗಾಬರಿಯಾದರು. “ಯಾನೆಯಾ? ಹೆಂಗಸರನ್ನು ಕೂರಿಸಿಕೊಂಡು ಯಾನೆ ಮುಂದೆ ನಿಲ್ಲಿಸುತ್ತಾರಾ?” ಎಂದು ಎದ್ದು ನಿಂತರು. ಸಂಜೆಯೊಳಗೆ ಸುತ್ತೋಲೆ ಬಂತು. ನೌಕರರ ಸುರಕ್ಷತೆಯ ದೃಷ್ಟಿಯಿಂದ ಕಾಡಂಚಿನ ಸ್ಟಾಪುಗಳು ರದ್ದು. ಬಸ್ಸು ಮುಖ್ಯ ರಸ್ತೆಯಲ್ಲಿ ಮಾತ್ರ ನಿಲ್ಲುತ್ತದೆ. ಅಲ್ಲಿಗೆ ಊರಿನಿಂದ ಮೂರು ಕಿಲೋಮೀಟರು. ಬಸ್ಸಿನಲ್ಲಿ ಕೂತು ಆನೆ ನೋಡುವುದು ಅಪಾಯ. ಅದೇ ದಾರಿಯಲ್ಲಿ ಕತ್ತಲಲ್ಲಿ ನಡೆದು ಬರುವುದು ಅವರವರ ಸ್ವಂತ ವಿಷಯ. ಕಾರ್ಖಾನೆಯ ಸುರಕ್ಷತೆ ಬಸ್ಸಿನ ಮೆಟ್ಟಿಲಿನಿಂದ ಶುರುವಾಗುತ್ತದೆ. ಸುತ್ತೋಲೆಯ ಕೊನೆಯಲ್ಲಿ ‘ವಿಷಯವನ್ನು ಗಮನಕ್ಕೆ ತಂದ ಗುಣಮಟ್ಟ ವಿಭಾಗಕ್ಕೆ ಅಭಿನಂದನೆ’ ಎಂದೂ ಇತ್ತು.

ಚಿಕ್ಕಪ್ಪನನ್ನು ಬಸ್ಸು ತೊಳೆಯಲು ಹಾಕಲಿಲ್ಲ. ಕೃಷ್ಣಗಿರಿ ಕಡೆಯಿಂದ ಹೆದ್ದಾರಿಯಲ್ಲಿ ಬರುವ ಬಸ್ಸನ್ನು ಕೊಟ್ಟರು. ನನ್ನ ಮಾತಿಗೆ ಬೆಲೆ ಬಂತು ಎಂದು ಒಂದು ದಿನದ ಮಟ್ಟಿಗೆ ಅಂದುಕೊಂಡೆ.

ಮಾರನೇ ದಿನ ಪ್ಯಾಕಿಂಗಿನ ಹೆಂಗಸು ಕ್ಯಾಂಟೀನಿನಲ್ಲಿ ನನ್ನ ಮೇಜಿಗೇ ಬಂದಳು. ಕೂರಲಿಲ್ಲ.

“ಕಾಲಿಗ್ ಬೀಳ್ತೀನಿ ಅಂದಿದ್ನಲ್ಲಕ್ಕ,” ಎಂದಳು. “ಬಿದ್ದೇ ತೋರ್ಸ್ಬೇಕಿತ್ತಾ ನಾನು?”

“ಅವರ ಕೆಲಸ ಹೋಗ್ತಿತ್ತು...”

“ನಿಮ್ ಚಿಕ್ಕಪ್ಪಂಗೆ ಬಸ್ ಸಿಕ್ತು. ನಮ್ಗೆ ನಡ್ಯೋ ದಾರಿ ಸಿಕ್ತು. ಒಳ್ಳೆ ಲೆಕ್ಕ ಮಾಡ್ತೀಯ ನೀನು.”

ಇಬ್ಬರು ಆ ವಾರವೇ ಕೆಲಸ ಬಿಟ್ಟರು. ಉಳಿದವರು ಗುಂಪು ಕಟ್ಟಿಕೊಂಡು ನಡೆದು ಬರತೊಡಗಿದರು. ಸ್ಟಾಪುಗಳನ್ನು ಮತ್ತೆ ಕೊಡಿ, ದಾರಿ ಬಲ್ಲ ಡ್ರೈವರನ್ನೇ ಕೊಡಿ, ಅಂಕಗಳ ಲೆಕ್ಕ ತಪ್ಪಾಗಿದೆ, ಮಾಡಿದವಳು ನಾನೇ, ಎಂದು ಆಗಲಾದರೂ ಬರೆದು ಸಹಿ ಹಾಕಿ ಕೊಟ್ಟೆ. ‘ಪರಿಶೀಲನೆಯಲ್ಲಿದೆ’ ಎಂದು ಉತ್ತರ ಬಂತು. ಎರಡು ವಾರದ ನಂತರ ಕೇಳಿದಾಗಲೂ ಅದೇ ಉತ್ತರ.

ಚಿಕ್ಕಪ್ಪ ಭಾನುವಾರ ಬರುವುದನ್ನು ನಿಲ್ಲಿಸಿದ್ದರು. ಸಿಟ್ಟೇ ಇರಬೇಕೆಂದು ನಾನೇ ಹೋಗಿ ರಾತ್ರಿ ಅಲ್ಲೇ ಉಳಿದೆ. ಬೆಳಗಿನ ಜಾವ ಕಣ್ಣು ಬಿಟ್ಟಾಗ ಅವರು ಮನೆಯಲ್ಲಿರಲಿಲ್ಲ. ಹಿಂದೆಯೇ ಹೋಗಿ ನೋಡಿದೆ. ಹದಿನಾರು ಹೆಂಗಸರು ಸಾಲಾಗಿ ನಡೆಯುತ್ತಿದ್ದರು, ಮುಂದೆ ಚಿಕ್ಕಪ್ಪ. ಟಾರ್ಚು ಕೈಯಲ್ಲಿತ್ತು, ಹಚ್ಚಿರಲಿಲ್ಲ. ತೋಪಿನ ಹತ್ತಿರ ಅವರು ನಿಂತರು. ಸಾಲೆಲ್ಲ ನಿಂತಿತು. ಮೂಗೆತ್ತಿ ಗಾಳಿ ನೋಡಿದರು. ಅಷ್ಟು ಹೊತ್ತು ಯಾಕೆ ನಿಂತರೋ ನನಗಂತೂ ಗೊತ್ತಾಗಲಿಲ್ಲ. ಯಾರೂ ಕೇಳಲೂ ಇಲ್ಲ. ಆಮೇಲೆ ಕೈ ಬೀಸಿದರು, ಸಾಲು ಹೊರಟಿತು. ಮುಖ್ಯ ರಸ್ತೆಯಲ್ಲಿ ಎಲ್ಲರೂ ಬಸ್ಸು ಹತ್ತಿದ ಮೇಲೆ, ಅಲ್ಲಿ ಟೀ ಅಂಗಡಿಯ ಹಿಂದೆ ನಿಲ್ಲಿಸಿದ್ದ ಮೊಪೆಡ್ಡು ತೆಗೆದು ತಮ್ಮ ಬಸ್ಸಿದ್ದ ಕಡೆ ಓಡಿಸಿಕೊಂಡು ಹೋದರು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಪ್ರತಿದಿನ ಹತ್ತು ನಿಮಿಷ ತಡ.

ಹತ್ತು ನಿಮಿಷಕ್ಕೆ ಎಷ್ಟು ಅಂಕ ಎಂಬುದು ನನಗೆ ಬಾಯಿಪಾಠ.

ಅದೇ ದಿನ ಅಧಿಕಾರಿಯ ಬಳಿ ಹೋಗಿ, ಇನ್ನು ಮುಂದೆ ಈ ಪಟ್ಟಿಯನ್ನು ನಾನು ಮಾಡಿಕೊಡುವುದಿಲ್ಲ ಎಂದೆ. ದೊಡ್ಡ ಮಾತಾಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ.

ಅವರು ಸಮಾಧಾನವಾಗಿ ನೋಡಿದರು. “ನೀವು ಮಾಡುವುದು ಬೇಡಮ್ಮ. ಹೋದ ತಿಂಗಳೇ ಕಂಪ್ಯೂಟರಿನವರು ಜೋಡಿಸಿಕೊಟ್ಟರು. ತಾನಾಗೇ ಬರುತ್ತದೆ.”

“ಲೆಕ್ಕ ತಪ್ಪು ಸಾರ್. ಬರೆದುಕೊಟ್ಟಿದ್ದೇನೆ.”

“ತಪ್ಪೇ ಇರಬಹುದು. ಆದರೆ ಎಲ್ಲರಿಗೂ ಒಂದೇ ತಪ್ಪು ತಾನೆ?”

ತಿಂಗಳ ಕೊನೆಗೆ ಚಿಕ್ಕಪ್ಪನನ್ನು ಕರೆದು, ಸಮಯಕ್ಕೆ ಬರುವುದಾದರೆ ಬನ್ನಿ, ಇಲ್ಲವಾದರೆ ಬೇಡ ಎಂದರು. ನಾನೂ ಅಲ್ಲೇ ಇದ್ದೆ. ಅಧಿಕಾರಿಯೇ ಮಾತು ಅರ್ಥ ಮಾಡಿಸಲು ನನ್ನನ್ನು ಕರೆಸಿದ್ದರು, ಚಿಕ್ಕಪ್ಪನಿಗೆ ನನಗಿಂತ ಚೆನ್ನಾಗಿ ತಮಿಳು ಬರುತ್ತದೆಂದು ಅವರಿಗೆ ತಿಳಿದಿರಲಿಲ್ಲ. ಯಾಕೆ ತಡವಾಗುತ್ತದೆ ಎಂದು ಹೇಳಿ ಎಂದು ನಾನು ಕಣ್ಣಲ್ಲೇ ಬೇಡಿದೆ. ಹೆಂಗಸರನ್ನು ಗುಂಪಾಗಿ ಕರೆತರುತ್ತಿದ್ದೇನೆ ಎಂದರೆ, ಬೆಳಗಿನ ಶಿಫ್ಟಿಗೇ ಆ ಊರಿನವರು ಬೇಡ ಎಂದು ಬರೆಯುತ್ತಾರೆಂದು ಚಿಕ್ಕಪ್ಪನಿಗೆ ಗೊತ್ತಿತ್ತು. ನನಗೂ ಅಷ್ಟರಲ್ಲಿ ಗೊತ್ತಾಗಿತ್ತು. ಈ ಸಲ ನಾನು ಬಾಯಿ ಬಿಡಲಿಲ್ಲ.

“ಪಂಕ್ಚರ್ ಸಾರ್,” ಎಂದರು ಚಿಕ್ಕಪ್ಪ. ಬಸ್ಸಿನ ಕೀಲಿಯನ್ನು ಮೇಜಿನ ಮೇಲಿಟ್ಟರು. ಹೊರಗೆ ಬಂದ ಮೇಲೆ, “ನೀನ್ಯಾಕೆ ಅಳ್ತೀಯ? ನಾಳೆ ಬೆಳಿಗ್ಗೆನೂ ನಾನು ಏಳೋದು ಅದೇ ಹೊತ್ಗೇ,” ಎಂದರು. ನಾನು ಅತ್ತಿದ್ದೆನೇ? ನೆನಪಿಲ್ಲ. ದಿನಚರಿಯಲ್ಲಿ ಆ ದಿನ ಖಾಲಿ.

ಮುಂದಿನ ತಿಂಗಳು ಡ್ರೈವರುಗಳ ಸರಾಸರಿ ಅಂಕ ಏರಿತು. ಕೊನೆಯ ಹೆಸರನ್ನು ತೆಗೆದರೆ ಯಾವ ಪಟ್ಟಿಯ ಸರಾಸರಿಯೂ ಏರುತ್ತದೆ, ಎಂ.ಎಸ್ಸಿ. ಬೇಕಿಲ್ಲ. ಸುರಕ್ಷತೆ ಸುಧಾರಿಸಿದೆ ಎಂದು ಹೆಡ್ ಆಫೀಸಿನಿಂದ ಮೆಚ್ಚುಗೆ ಬಂತು. ಅಧಿಕಾರಿ ಮೈಸೂರು ಪಾಕಿನ ಡಬ್ಬ ಹಿಡಿದುಕೊಂಡು ನನ್ನ ಮೇಜಿಗೆ ಬಂದರು. ಮೊದಲು ನಿಮಗೇ ಕೊಡಬೇಕು ಎಂದರು. ಅವರ ಮುಖದಲ್ಲಿ ಕುಹಕವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕೆರಳಿಸಿತು.

“ಅಂಕ ಏರಿದ್ದು ಅವರು ಹೋದದ್ದಕ್ಕೆ ಸಾರ್. ಯಾರೂ ಚೆನ್ನಾಗಿ ಓಡಿಸಿದ್ದಕ್ಕಲ್ಲ,” ಎಂದೆ. ಸುತ್ತಲಿನ ಮೇಜಿನವರಿಗೆಲ್ಲ ಕೇಳಿಸುವ ಹಾಗೆ, ತಮಿಳಿನಲ್ಲೇ ಹೇಳಿದೆ.

ಅವರು ಡಬ್ಬದ ಮುಚ್ಚಳವನ್ನು ಮತ್ತೆ ಹಾಕಿ, ಸ್ವಲ್ಪ ಯೋಚಿಸಿ, “ಅದೂ ಒಂದು ಸುಧಾರಣೆಯೇ ಅಲ್ಲವೇನಮ್ಮ?” ಎಂದರು.

ಅವರು ಅತ್ತ ತಿರುಗಿದ್ದೇ ಆ ಮಾತನ್ನು ಇದ್ದ ಹಾಗೇ ಫೋನಿನಲ್ಲಿ ಬರೆದುಕೊಂಡೆ. ಮುಂದೆ ಎಂದಾದರೂ, ಅವರು ಅಷ್ಟು ಕೆಟ್ಟದಾಗಿ ಹೇಳಿರಲಿಕ್ಕಿಲ್ಲ ಎಂದು ನನ್ನ ನೆನಪು ನನಗೆ ಹೇಳಬಾರದು.